ಕಾಲುವೆಯ ಒರಟುತನವೂ ಕೊನೆಯ ಹೊಲದ ನೀರೂ

ನೀರು ತಗ್ಗಿನತ್ತ ಹರಿಯುತ್ತದೆಂಬುದು ಎಳೆಯ ಮಕ್ಕಳೂ ಬಲ್ಲ ಸಂಗತಿ. ಆದರೆ ಒಂದೇ ಅಗಲದ, ಒಂದೇ ಇಳಿಜಾರಿನ ಎರಡು ಕಾಲುವೆಗಳಲ್ಲಿ ನೀರು ಒಂದೇ ಆಳಕ್ಕೆ ತುಂಬಿದ್ದರೂ, ಒಂದರಲ್ಲಿ ಹರಿಯುವ ನೀರು ಮತ್ತೊಂದರಲ್ಲಿ ಹರಿಯುವುದರ ಅರ್ಧದಷ್ಟೇ ಇರಬಹುದೆಂಬುದನ್ನು ವಯಸ್ಸಾದ ನಾವೂ ಗಮನಿಸುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಕಾಲುವೆಯ ಮೈ. ಆ ಮೈ ನಯವಾಗಿದೆಯೋ ಒರಟಾಗಿದೆಯೋ ಎಂಬುದರ ಮೇಲೆ ಕೊನೆಯ ಹೊಲದ ರೈತನ ಪಾಲು ನಿರ್ಧಾರವಾಗುತ್ತದೆ. ಅಣೆಕಟ್ಟುಗಳ ಎತ್ತರವನ್ನು ಕುರಿತು ಪುಟಗಟ್ಟಲೆ ಬರೆಯುವ ನಾವು ಕಾಲುವೆಯ ಮೈಯನ್ನು ಕುರಿತು ಒಂದು ಸಾಲನ್ನೂ ಬರೆಯುವುದಿಲ್ಲ. ಈ ಅಲಕ್ಷ್ಯವು ಬರಿಯ ತಾಂತ್ರಿಕ ಲೋಪವಲ್ಲ, ಅದೊಂದು ಅನ್ಯಾಯವೆಂದು ನಿವೇದಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೂ ಜಲಶಾಸ್ತ್ರಕ್ಕೂ ಏನು ನಂಟು ಎಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ನಂಟು ಪದದಿಂದಲೇ ಆರಂಭವಾಗುತ್ತದೆ. 'ನಯ' ಎಂದರೆ ಕನ್ನಡಿಗರ ಬಾಯಲ್ಲಿ ನುಣುಪು. ಸಂಸ್ಕೃತದಲ್ಲಿ ಅದಕ್ಕೆ ನೀತಿಯೆಂಬ ಅರ್ಥ. 'ನೀ' ಎಂಬ ಧಾತುವಿನಿಂದ ಹುಟ್ಟಿದ ಆ ಪದಕ್ಕೆ ಮುಂದಕ್ಕೆ ನಡೆಸಿಕೊಂಡು ಹೋಗುವುದೆಂಬುದು ಮೂಲಾರ್ಥ. ನಾಯಕನೂ ಅದೇ ಧಾತುವಿನಿಂದ ಬಂದವನು. ನೀರನ್ನು ನಡುದಾರಿಯಲ್ಲಿ ನಿಲ್ಲಿಸದೆ ಕೊನೆಯ ಹೊಲದವರೆಗೆ ನಡೆಸಿಕೊಂಡು ಹೋಗುವ ಕಾಲುವೆಯಲ್ಲಿ ನುಣುಪೆಂಬ ನಯವೂ ನೀತಿಯೆಂಬ ನಯವೂ ಒಂದೇ ಆಗಿಬಿಡುತ್ತವೆ. ಇಷ್ಟು ಅರ್ಥ ಹೇಳುವ ಅಧಿಕಾರವಾದರೂ ಪಂಡಿತನಿಗಿದೆ ಎಂದುಕೊಂಡು ಮುಂದುವರಿಯುತ್ತೇನೆ.

ನಮ್ಮ ಹಟ್ಟಿಯನ್ನೊಳಗೊಂಡ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಈ ಸೀಮೆಯನ್ನು ಪ್ರಾಚೀನ ಶಾಸನಗಳು 'ಎಡೆದೊರೆ ಎರಡು ಸಾಸಿರ' ನಾಡಿನಲ್ಲಿ ಸೇರಿಸಿವೆ. ಎರಡು ತೊರೆಗಳ ನಡುವಿನ ನಾಡು ಎಂಬುದು ಅದರ ಅರ್ಥ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇಬ್ಬರು ತಾಯಂದಿರ ನಡುವೆ ಹಸಿದು ಕುಳಿತ ಮಗುವಿನಂತೆ ಶತಮಾನಗಳ ಕಾಲ ಬರದಲ್ಲಿ ಬೆಂದ ನಾಡಿದು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು ಸೀಮೆಯ ಬದುಕು ಬದಲಾಯಿತು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 141 ಮೈಲಿ. ತಲೆಯಲ್ಲಿ 4,100 ಕ್ಯೂಸೆಕ್ ನೀರನ್ನು ಹೊತ್ತು ಹೊರಟು ಸುಮಾರು 6 ಲಕ್ಷ ಎಕರೆಗೆ ಉಣಿಸಬೇಕೆಂಬುದು ಅದರ ಸಂಕಲ್ಪ. ಲಿಂಗಸುಗೂರಿನ ಕಡೆಗೆ ನಾರಾಯಣಪುರದ ಬಸವಸಾಗರದಿಂದ ಹೊರಟ ಬಲದಂಡೆ ಕಾಲುವೆ ಕೃಷ್ಣೆಯ ನೀರನ್ನು ತಂದಿತು. ಹೀಗೆ ಎರಡು ತಾಯಂದಿರ ಹಾಲೂ ಮಗುವಿನತ್ತ ಹರಿದು ಬಂತು. ಬಾಯಿಗೆ ಎಷ್ಟು ಬಿದ್ದಿತೆಂಬುದೇ ಇಂದಿನ ಪ್ರಶ್ನೆ.

ಕಾಲುವೆಯೊಳಗಣ ನೀರು ಒಟ್ಟಾಗಿ, ಒಂದೇ ವೇಗದಲ್ಲಿ ಸಾಗುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವ ಹಾಗಿಲ್ಲ. ತಳಕ್ಕೂ ಪಕ್ಕಗಳಿಗೂ ತಾಗಿದ ನೀರಿನ ತೆಳುವಾದ ಪದರ ಅಲ್ಲಿಯೇ ಅಂಟಿಕೊಂಡು ನಿಲ್ಲುತ್ತದೆ. ಅದರ ಮೇಲಿನ ಪದರ ಸ್ವಲ್ಪ ಚಲಿಸುತ್ತದೆ, ಅದರ ಮೇಲಿನದು ಇನ್ನಷ್ಟು. ಹೀಗೆ ಏರುತ್ತ ಹೋಗಿ ಕಾಲುವೆಯ ನಡುವೆ, ಮೇಲ್ಮೈಯಿಂದ ತುಸು ಕೆಳಗೆ ವೇಗ ಅತ್ಯಧಿಕವಾಗುತ್ತದೆ. ಮೈ ಒರಟಾದಷ್ಟೂ ಅಲ್ಲಿ ಸುಳಿಗಳೆದ್ದು ಸುತ್ತಲಿನ ನೀರಿನ ಓಟವನ್ನು ಕಸಿಯುತ್ತವೆ. ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ನಿಕುರಾಡ್ಸೆ ಎಂಬ ವಿಜ್ಞಾನಿ ಕೊಳವೆಗಳ ಒಳಮೈಗೆ ಅಳತೆ ಮಾಡಿದ ಮರಳಿನ ಕಣಗಳನ್ನು ಅಂಟಿಸಿ, 1933ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಇಂದಿಗೂ ಪ್ರಮಾಣವೆನಿಸಿವೆ. ನೀರು ತೀರ ಮೆಲ್ಲನೆ, ಸುಳಿಯಿಲ್ಲದೆ ಜಾರುವಾಗ ಮೈಯ ಒರಟು ಲೆಕ್ಕಕ್ಕೆ ಬಾರದು. ಓಟ ಬಲವಾಗಿ ಸುಳಿಗಳೆದ್ದ ಮೇಲೆ ಒರಟಿನದೇ ಆಳ್ವಿಕೆ. ನಮ್ಮ ಕಾಲುವೆಗಳ ಹರಿವೆಲ್ಲ ಈ ಎರಡನೆಯ ಜಾತಿಯದು.

ಇದನ್ನು ಲೆಕ್ಕಕ್ಕೆ ತರುವ ಯತ್ನ ಹಳೆಯದು. ಫ್ರಾನ್ಸಿನ ಇಂಜಿನಿಯರ್ ಶೆಜಿ ಪ್ಯಾರಿಸ್ ನಗರಕ್ಕೆ ನೀರು ತರುವ ಕಾಲುವೆಯ ಯೋಜನೆಯಲ್ಲಿ ತೊಡಗಿದ್ದಾಗ, 1769ರ ಸುಮಾರಿಗೆ ಮೊದಲ ಸೂತ್ರವನ್ನು ಕಂಡುಕೊಂಡನು. ಇಳಿಜಾರು ನೀರನ್ನು ಮುಂದಕ್ಕೆ ಎಳೆಯುತ್ತದೆ, ನೀರು ತಾಗಿದ ಮೈ ಹಿಂದಕ್ಕೆ ಹಿಡಿಯುತ್ತದೆ, ಈ ಎರಡರ ತೂಕ ಸಮವಾದಲ್ಲಿ ವೇಗ ನೆಲೆಗೊಳ್ಳುತ್ತದೆ ಎಂಬುದು ಅದರ ತಿರುಳು. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದ ಸರಳ ರೂಪವೇ ಇಂದು ಕಾಲುವೆ ಕಟ್ಟುವವರ ಕೈಗನ್ನಡಿಯಾಗಿದೆ. ಅದರಲ್ಲಿ ಒರಟುತನಕ್ಕೊಂದು ಗುಣಾಂಕವುಂಟು. ಗುಣಾಂಕ ಎಷ್ಟು ಪಟ್ಟು ಹೆಚ್ಚುವುದೋ ವೇಗ ಅಷ್ಟು ಪಟ್ಟು ಕುಗ್ಗುತ್ತದೆ. ಕರಣೆಯಿಂದ ಒರೆದು ನಯಗೊಳಿಸಿದ ಕಾಂಕ್ರೀಟಿಗೆ ಈ ಗುಣಾಂಕ 0.013. ಹೊಸದಾಗಿ ತೋಡಿದ ಶುದ್ಧ ಮಣ್ಣಿನ ಕಾಲುವೆಗೆ 0.018. ಮಳೆಗಾಳಿಗೆ ಸಿಕ್ಕು ಹಳತಾದುದಕ್ಕೆ 0.022. ಅಲ್ಲಲ್ಲಿ ಹುಲ್ಲು ಕಳೆ ಬೆಳೆದುದಕ್ಕೆ 0.027. ನೀರೊಳಗೆ ಕಳೆ ದಟ್ಟೈಸಿದರೆ 0.035. ನೀರಿನಷ್ಟೇ ಎತ್ತರಕ್ಕೆ ಜೊಂಡು ಎದ್ದು ನಿಂತು, ವರ್ಷಗಟ್ಟಲೆ ಯಾರೂ ಕೈಹಾಕದ ಕಾಲುವೆಗೆ 0.08ರವರೆಗೂ ಏರುತ್ತದೆ. ಅಂಕಿಗಳು ಸಣ್ಣವು, ಅವುಗಳ ಹಿಂದಿನ ಹಸಿವು ದೊಡ್ಡದು.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಗಣಿತದ ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲಿ ಹಾಕಿ ತೋರಿಸಬಹುದು. ಎರಡು ಮೀಟರ್ ಅಗಲ, ನೆಟ್ಟನೆಯ ಪಕ್ಕಗಳು, ಒಂದು ಮೀಟರ್ ಆಳದ ನೀರು, 2,500 ಮೀಟರಿಗೆ ಒಂದು ಮೀಟರ್ ಇಳಿಜಾರು ಇರುವ ಒಂದು ಉಪಕಾಲುವೆಯನ್ನು ಕಲ್ಪಿಸಿಕೊಳ್ಳಿ. ಮೈ ಶುದ್ಧವಾಗಿದ್ದು ಗುಣಾಂಕ 0.018 ಇದ್ದರೆ, ನೀರು ಸೆಕೆಂಡಿಗೆ 70 ಸೆಂಟಿಮೀಟರ್ ವೇಗದಲ್ಲಿ ಸಾಗಿ, 1,400 ಲೀಟರ್, ಎಂದರೆ ಸುಮಾರು 49 ಕ್ಯೂಸೆಕ್ ಹರಿಯುತ್ತದೆ. ಕಳೆ ದಟ್ಟೈಸಿ ಗುಣಾಂಕ 0.036 ಆಯಿತೆನ್ನಿ. ಆಗ ಅದೇ ಒಂದು ಮೀಟರ್ ಆಳದಲ್ಲಿ ಹರಿಯುವುದು 700 ಲೀಟರ್ ಮಾತ್ರ, ಅದು 25 ಕ್ಯೂಸೆಕ್ಕಿಗೂ ತುಸು ಕಡಿಮೆ. ಯಾರೂ ಕದ್ದಿಲ್ಲ, ಯಾರೂ ಗೇಟು ಇಳಿಸಿಲ್ಲ, ಆದರೂ ಅರ್ಧ ನೀರು ಮಾಯವಾಗಿದೆ.

ಇಲ್ಲಿ ನಮ್ಮ ಸೀಮೆಯ ನಿತ್ಯದ ವಿವಾದವೊಂದನ್ನು ನೆನೆಯಬೇಕು. ಎಡದಂಡೆ ಕಾಲುವೆಯ ಕೆಳಭಾಗದ ರೈತರು ಮೈಲಿಗಲ್ಲುಗಳ ಲೆಕ್ಕದಲ್ಲಿ ಮಾತನಾಡುತ್ತಾರೆ. 69ನೇ ಮೈಲಿಯಲ್ಲಿ ಎಷ್ಟು ಅಡಿ ಗೇಜ್ ಇದೆ, 104ನೇ ಮೈಲಿಯಲ್ಲಿ ಎಷ್ಟು ಅಡಿ ಗೇಜ್ ಕಾಯ್ದುಕೊಳ್ಳಬೇಕು ಎಂಬುದರ ಮೇಲೆಯೇ ಧರಣಿ, ಮನವಿ, ಭರವಸೆಗಳೆಲ್ಲ ನಡೆಯುತ್ತವೆ. ಗೇಜೆಂಬುದು ನೀರಿನ ಆಳವನ್ನು ತೋರಿಸುವ ಅಡಿಪಟ್ಟಿಯಷ್ಟೆ. ಆಳವೇ ಹರಿವಲ್ಲ. ಶುದ್ಧವಾದ ಕಾಲುವೆಯಲ್ಲಿ ಅಳೆದು, ಇಷ್ಟು ಅಡಿಗೆ ಇಷ್ಟು ಕ್ಯೂಸೆಕ್ ಎಂದು ಕೋಷ್ಟಕ ಬರೆದಿಟ್ಟು, ಕಾಲುವೆ ಒರಟಾದ ಮೇಲೆಯೂ ಅದೇ ಕೋಷ್ಟಕವನ್ನು ನೋಡಿದರೆ, ಪುಸ್ತಕದಲ್ಲಿ ನೀರು ತುಂಬಿ ಹರಿಯುತ್ತದೆ, ಹೊಲ ಒಣಗಿರುತ್ತದೆ. ಅಧಿಕಾರಿ ಸುಳ್ಳು ಹೇಳುತ್ತಿಲ್ಲ, ರೈತನೂ ಸುಳ್ಳು ಹೇಳುತ್ತಿಲ್ಲ. ಅವರಿಬ್ಬರ ನಡುವೆ ನಿಂತು ಸುಳ್ಳು ಹೇಳುತ್ತಿರುವುದು ಜೊಂಡು. ಪೋಷಕರು ಬಂದಾಗ ಹಾಜರಿ ಪುಸ್ತಕವನ್ನು ತೋರಿಸಿ ಹುಡುಗನ ವಿದ್ಯೆಯನ್ನು ಅಳೆದಂತಾಯಿತು ಇದು. ಬೆಂಚಿನ ಮೇಲೆ ಕುಳಿತಿದ್ದಾನೆಂದ ಮಾತ್ರಕ್ಕೆ ಪಾಠ ತಲೆಗೆ ಹೋಯಿತೆಂದಲ್ಲ.

ಅದಕ್ಕಿಂತಲೂ ನೋವಿನ ಸಂಗತಿಯೊಂದಿದೆ. ಒರಟುತನ ನೀರನ್ನು ಕಡಿಮೆ ಮಾಡುವುದಷ್ಟೇ ಅಲ್ಲ, ಪಕ್ಷಪಾತವನ್ನೂ ಮಾಡುತ್ತದೆ. ಮೇಲೆ ಹೇಳಿದ ಉಪಕಾಲುವೆಯಲ್ಲಿ ಕಳೆ ತುಂಬಿದಾಗಲೂ ಮೊದಲಿನ 49 ಕ್ಯೂಸೆಕ್ ನೀರನ್ನೇ ತಲೆಯಿಂದ ಬಿಟ್ಟರೆ ಏನಾಗುತ್ತದೆ? ನೀರಿನ ಆಳ ಒಂದು ಮೀಟರಿನಿಂದ ಸುಮಾರು 1.7 ಮೀಟರಿಗೆ ಏರುತ್ತದೆ. ದಂಡೆ ಅಷ್ಟು ಎತ್ತರವಿಲ್ಲದಿದ್ದರೆ ಏರಿಯೊಡೆದು ಹೋದೀತೆಂದು ಮೇಲಿನ ಗೇಟನ್ನೇ ಇಳಿಸಬೇಕಾಗುತ್ತದೆ. 'ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತೆ' ಎಂಬ ಗಾದೆ ಇಂಥ ಕಾಲುವೆಗೆ ಅಕ್ಷರಶಃ ಒಪ್ಪುತ್ತದೆ. ದಂಡೆ ಎತ್ತರವಿದ್ದಿತೆನ್ನಿ. ಆಗ ಕಾಲುವೆಯ ಮೊದಲ ಭಾಗದ ತೂಬುಗಳ ಮೇಲೆ ನಿಂತ ನೀರು ಏರುತ್ತದೆ. ತೂಬು ತಳದಿಂದ 30 ಸೆಂಟಿಮೀಟರ್ ಮೇಲಿದ್ದರೆ, ಅದರ ಮೇಲಿನ ನೀರು 70 ಸೆಂಟಿಮೀಟರಿನಿಂದ 140ಕ್ಕೆ ಏರಿ ಇಮ್ಮಡಿಯಾಯಿತು. ತೂಬಿನಿಂದ ಹೊರಬೀಳುವ ನೀರು ಆ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುವುದರಿಂದ, ಮೇಲಿನ ಹೊಲದವನಿಗೆ ಕೇಳದೆಯೇ ನೂರಕ್ಕೆ ನಲವತ್ತರಷ್ಟು ಹೆಚ್ಚು ನೀರು ಸಿಕ್ಕಿತು. ಅದು ಬಂದದ್ದು ಕೊನೆಯವನ ಪಾಲಿನಿಂದ. ಗೇಟು ಇಳಿಸಿದರೂ ಕೊನೆಯವನಿಗೆ ನಷ್ಟ, ಇಳಿಸದಿದ್ದರೂ ಕೊನೆಯವನಿಗೇ ನಷ್ಟ. ಕಾಲುವೆಯ ಒರಟುತನವೆಂಬುದು ಕೊನೆಯ ಹೊಲದವನೊಬ್ಬನಿಂದಲೇ ವಸೂಲಾಗುವ ಕಂದಾಯ.

ಒರಟು ತನ್ನಷ್ಟಕ್ಕೆ ತಾನು ಬೆಳೆಯುವ ಸ್ವಭಾವದ್ದು. ಕಳೆ ಬೆಳೆದಲ್ಲಿ ವೇಗ ಕುಗ್ಗುತ್ತದೆ. ವೇಗ ಕುಗ್ಗಿದಲ್ಲಿ ಹೂಳು ಕೂರುತ್ತದೆ. ಹೂಳು ಕೂತಲ್ಲಿ ಕಳೆ ಬೇರೂರುತ್ತದೆ. ಹೂಳು ಕೂರದಿರಬೇಕಾದರೆ ನೀರಿನ ಆಳಕ್ಕೆ ತಕ್ಕ ಕನಿಷ್ಠ ವೇಗವೊಂದು ಇರಲೇಬೇಕೆಂದು ಪಂಜಾಬಿನ ಕಾಲುವೆಗಳನ್ನು ಅಭ್ಯಸಿಸಿದ ಕೆನಡಿ ಎಂಬ ಇಂಜಿನಿಯರ್ 1895ರಲ್ಲಿಯೇ ತೋರಿಸಿಕೊಟ್ಟಿದ್ದನು. ನಮ್ಮ ಎರೆ ಭೂಮಿಯದು ಇನ್ನೊಂದು ಬಾಧೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಆ ಮಣ್ಣು ತನ್ನ ಮೇಲೆ ಹಾಸಿದ ಕಲ್ಲುಚಪ್ಪಡಿಯನ್ನೂ ಕಾಂಕ್ರೀಟನ್ನೂ ಎತ್ತಿ ಒಡೆಯುತ್ತದೆ. ಒಡೆದ ಸಂದಿನಲ್ಲಿ ಜಾಲಿ ಮೊಳೆಯುತ್ತದೆ. ಇದಕ್ಕೆ ಮದ್ದಿಲ್ಲವೆಂದಲ್ಲ. ಎರೆಮಣ್ಣಿಗೂ ಹೊದಿಕೆಗೂ ನಡುವೆ, ಉಬ್ಬದ ಅಂಟುಮಣ್ಣಿನ ಪದರವೊಂದನ್ನು ಹದವರಿತು ಹಾಸಿ ಬಡಿದರೆ ಎರೆಯ ಉಪಟಳ ತಗ್ಗುವುದೆಂದು ಬೊಂಬಾಯಿ ಐ.ಐ.ಟಿ.ಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರ ಸಂಶೋಧನೆ ತೋರಿಸಿತು. ಅಂಥ ಪದರವಿಲ್ಲದೆ ಅವಸರದಲ್ಲಿ ಹಾಸಿದ ಕಾಂಕ್ರೀಟು ಎರೆಯ ಮೇಲೆ ಬಹುಕಾಲ ನಿಲ್ಲದು.

ಆದುದರಿಂದ ಸಿಮೆಂಟು ಹೊದಿಸಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ಸಲ್ಲದು. ಹೊದಿಕೆಯ ಮೇಲೆ ಹೂಳು ಕೂತು ಕಳೆ ಬೆಳೆದರೆ ನೀರಿಗೆ ತಾಗುವುದು ಹೂಳು ಮತ್ತು ಕಳೆಯೇ ಹೊರತು ಸಿಮೆಂಟಲ್ಲ. ಕೋಟಿಗಟ್ಟಲೆ ಸುರಿದು ಮಾಡಿದ ಕಾಂಕ್ರೀಟ್ ಕಾಲುವೆ ಆಗ ಮಣ್ಣಿನ ಕಾಲುವೆಯಂತೆಯೇ ನಡೆದುಕೊಳ್ಳುತ್ತದೆ. ನಯವೆಂಬುದು ಒಮ್ಮೆ ಕೊಂಡು ಇಟ್ಟುಕೊಳ್ಳುವ ಒಡವೆಯಲ್ಲ. ಪ್ರತಿ ದಿನ ಬೆಳಗಬೇಕಾದ ಹಿತ್ತಾಳೆಯ ದೀಪದಂತೆ ಅದು.

ಕೊನೆಯ ಹೊಲಕ್ಕೆ ನೀರು ಬಾರದಿರಲು ಒರಟುತನವೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಬಹುಪಾಲು ಅರೆಖುಷ್ಕಿ ಬೆಳೆಗಳಿಗಾಗಿ ರೂಪಿಸಿದ ಎಡದಂಡೆಯಲ್ಲಿ ಮೇಲ್ಭಾಗವೆಲ್ಲ ಭತ್ತದ ಗದ್ದೆಯಾದುದು, ಬೆಳೆ ನಿಗದಿಯ ನಿಯಮ ಕಾಗದದಲ್ಲಿ ಉಳಿದುದು, ಅಕ್ರಮವಾಗಿ ಪಂಪು ಹಚ್ಚಿ ನೀರೆತ್ತುವುದು, ಇವೆಲ್ಲವೂ ಮುಖ್ಯ ಕಾರಣಗಳೇ. ಜಲಾಶಯದಲ್ಲಿಯೇ ಹೂಳು ತುಂಬಿ, ಆರಂಭದಲ್ಲಿ 130 ಟಿ.ಎಂ.ಸಿ.ಗೂ ಮಿಕ್ಕಿದ್ದ ಸಂಗ್ರಹ ಶಕ್ತಿ ಇಂದು 105ರ ಆಸುಪಾಸಿಗೆ ಇಳಿದಿರುವುದೂ ನಿಜ. ಆದರೆ ಭತ್ತ ಬೆಳೆಯುವ ಮೇಲಿನವನನ್ನು ತಡೆಯುವುದು ರಾಜಕೀಯದ ಕಷ್ಟ, ಜಲಾಶಯದ ಹೂಳನ್ನು ತೆಗೆಯುವುದು ಅರ್ಥಶಾಸ್ತ್ರದ ಕಷ್ಟ. ಉಪಕಾಲುವೆಯ ಜೊಂಡನ್ನು ಕೊಯ್ಯುವುದಕ್ಕೆ ಇವೆರಡೂ ಅಡ್ಡಿಯಿಲ್ಲ. ಅಡ್ಡಿಯಿರುವುದು ನಮ್ಮ ಉದಾಸೀನವೊಂದೇ. ಕೈಗೆ ನಿಲುಕುವ ಪರಿಹಾರವನ್ನು ಬಿಟ್ಟು, ನಿಲುಕದುದನ್ನು ಕುರಿತೇ ಭಾಷಣ ಮಾಡುವುದು ವಿವೇಕವಲ್ಲ.

ಹೊಸ ಕಾಮಗಾರಿಗಳಿಗೆ ನಾನು ವಿರೋಧಿಯೂ ಅಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ 2020ರಲ್ಲಿ ಧರಣಿ ಕುಳಿತ ಮಸ್ಕಿ ಭಾಗದ ರೈತರ ಬೇಡಿಕೆ ನ್ಯಾಯವಾದುದೇ. ನೀರನ್ನೇ ಕಾಣದ ಊರು ಕಾಲುವೆ ಕೇಳದೆ ಮತ್ತೇನನ್ನು ಕೇಳಬೇಕು? ತುಂಗಭದ್ರೆಯ ಹೂಳಿಗೆ ಪರ್ಯಾಯವಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಪ್ರಸ್ತಾವವನ್ನೂ ಅರ್ಥ ಮಾಡಿಕೊಳ್ಳಬಹುದು. ಆದರೆ ಹಳೆಯ ಕಾಲುವೆಯನ್ನು ನಯವಾಗಿ ಇಟ್ಟುಕೊಳ್ಳಲಾರದ ನಾವು ಹೊಸತನ್ನು ತೋಡಿದರೆ, ಕೆಲವು ವರ್ಷಗಳಲ್ಲಿ ಅದೂ ಹಳೆಯದರಂತೆಯೇ ಆಗುತ್ತದೆ. ಆಗ ಕೊನೆಯ ಹೊಲಗಳ ಸಂಖ್ಯೆ ಹೆಚ್ಚುತ್ತದೆ, ಕೊನೆಯ ಹೊಲದ ಗತಿ ಬದಲಾಗುವುದಿಲ್ಲ.

ಈ ನಿಯಮ ನೀರಿಗೆ ಮಾತ್ರ ಸಂಬಂಧಿಸಿದುದಲ್ಲ. ಹರಿಯುವುದೆಲ್ಲಕ್ಕೂ ಅದು ಅನ್ವಯಿಸುತ್ತದೆಂಬುದನ್ನು ಹಟ್ಟಿಯವರಾದ ನಾವು ದೂರ ಹೋಗಿ ಕಲಿಯಬೇಕಾಗಿಲ್ಲ. ನಮ್ಮ ಕಾಲಡಿಯಲ್ಲಿಯೇ ಚಿನ್ನದ ಗಣಿಯಿದೆ. ಮಲ್ಲಪ್ಪ ಶಾಫ್ಟಿನಿಂದ ಸಾವಿರಾರು ಅಡಿ ಕೆಳಗಿಳಿದು ದುಡಿಯುವ ಕಾರ್ಮಿಕನ ಮೂಗಿಗೆ ಗಾಳಿ ತಲುಪಬೇಕಾದರೆ, ಸಿಡಿಮದ್ದಿನಿಂದ ಒಡೆದ ಒರಟು ಬಂಡೆಯ ಸುರಂಗಗಳಲ್ಲಿ ಅದು ಹರಿಯಬೇಕು. ಗಣಿಯ ಗಾಳಿಗೂ ಮೈಯ ಒರಟುತನ ತೆರಿಗೆ ಹಾಕುತ್ತದೆಂದು ಇಂಗ್ಲೆಂಡಿನ ಆಟ್ಕಿನ್‌ಸನ್ 1854ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಗಾಳಿಯನ್ನು ಇಮ್ಮಡಿಗೊಳಿಸಬೇಕಾದರೆ ಒತ್ತಡ ನಾಲ್ಮಡಿಯಾಗಬೇಕು, ಫ್ಯಾನಿಗೆ ಬೇಕಾದ ಶಕ್ತಿ ಎಂಟುಮಡಿಯಾಗಬೇಕು. ಗಣಿಯೊಳಗೆ ಗಾಳಿಯ ವ್ಯವಸ್ಥೆ ಹೇಗಿರಬೇಕೆಂಬುದಕ್ಕೆ ಕಾಯಿದೆಯೂ ನಿಯಮಗಳೂ ಇವೆ. ಫ್ಯಾನಿನ ಕೆಲಸವನ್ನು ಮುಂದಿನ ವರ್ಷ ನೋಡೋಣವೆಂದು ಅಲ್ಲಿ ಹೇಳುವಂತಿಲ್ಲ, ಏಕೆಂದರೆ ಉಸಿರು ಮುಂದಿನ ವರ್ಷಕ್ಕೆ ಕಾಯುವುದಿಲ್ಲ. ಸುರಂಗದ ಕೊನೆಯಲ್ಲಿ ನಿಂತವನಿಗೆ ಗಾಳಿ ತಲುಪಲೇಬೇಕೆಂಬುದನ್ನು ನಾವು ಒಪ್ಪಿಕೊಂಡಿದ್ದೇವೆ. ಕಾಲುವೆಯ ಕೊನೆಯಲ್ಲಿ ನಿಂತವನಿಗೆ ನೀರು ತಲುಪಲೇಬೇಕೆಂಬುದನ್ನು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಬೆಳೆಯ ಸಾವು ನಿಧಾನವಾದುದರಿಂದ ನಮಗೆ ಅದು ಸಾವಾಗಿ ಕಾಣುವುದಿಲ್ಲವೋ ಏನೋ.

ಒರಟೆಲ್ಲ ಕೆಟ್ಟದ್ದೆಂದು ಇದರಿಂದ ತಿಳಿಯಬಾರದು. ಪ್ರಕೃತಿಯಲ್ಲಿ ಪ್ರತಿಯೊಂದಕ್ಕೂ ಒಂದು ಸ್ಥಾನವಿದೆ. ಇಳಿಜಾರಿನ ಹೊಲದ ಬದುವಿನ ಮೇಲೆ ಹುಲ್ಲು ಬೆಳೆದು ಒರಟಾಗಿರಬೇಕು. ಅದು ಮಳೆನೀರನ್ನು ತಡೆದು, ಮಣ್ಣನ್ನು ಉಳಿಸಿ, ನೆಲಕ್ಕೆ ಇಂಗಿಸುತ್ತದೆ. ಕೆರೆಯ ಕೋಡಿಯ ಕೆಳಗೆ ದಪ್ಪ ಕಲ್ಲುಗಳ ಒರಟು ಹಾಸು ಇರಬೇಕು. ಅದಿಲ್ಲದಿದ್ದರೆ ಧುಮುಕಿದ ನೀರು ಬುಡವನ್ನೇ ಕೊರೆದೀತು. ಹಳ್ಳದ ದಂಡೆಯಲ್ಲಿ ಗಿಡಗಂಟಿಗಳಿರಬೇಕು. ನಮ್ಮ ದುರ್ದೈವವೆಂದರೆ ಒರಟಿರಬೇಕಾದಲ್ಲಿ ನಯವನ್ನೂ ನಯವಿರಬೇಕಾದಲ್ಲಿ ಒರಟನ್ನೂ ಬೆಳೆಸಿದ್ದೇವೆ. ಬದುಗಳನ್ನು ಬೋಳಿಸಿ ಉತ್ತುದರಿಂದ ಹೊಲದ ಮಣ್ಣು ಹಳ್ಳ ಸೇರುತ್ತದೆ, ಹಳ್ಳದ ಮಣ್ಣು ನದಿ ಸೇರುತ್ತದೆ, ನದಿಯ ಮಣ್ಣು ಜಲಾಶಯವನ್ನೂ ಕಾಲುವೆಯನ್ನೂ ಸೇರುತ್ತದೆ. ಹೊಲದ ಬದುವಿನಲ್ಲಿರಬೇಕಾದ ಹುಲ್ಲು ಕಾಲುವೆಯ ತಳದಲ್ಲಿ ಬೆಳೆಯುತ್ತಿದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರು. ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಬರೆಯಿಸಿದ, ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರ ಬಲ್ಲವನು, ನೇರವಾದ ಉದ್ದನೆಯ ಕಲ್ಲು ದೊರೆಯುವ ಗಣಿ, ನುರಿತ ಕೆಲಸಗಾರರ ಸಮೂಹ, ಇವು ಆ ಅಂಗಗಳಲ್ಲಿ ಸೇರಿವೆ. ಅದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು ನಮ್ಮ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಮಾತುಗಳು. ಒಂದು 'ಬಿತ್ತುವಟ್ಟ'. ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಅದರ ಉತ್ಪನ್ನದಲ್ಲಿ ಒಂದು ಪಾಲನ್ನು ಆ ಕೆರೆಯ ರಕ್ಷಣೆಗೆಂದೇ ಮೀಸಲಿಡುವ ಏರ್ಪಾಡು ಅದು. ಇನ್ನೊಂದು 'ಕೆರೆಬಂಡಿ'. ಹೂಳು ಹೊರುವ ಬಂಡಿ, ಅದನ್ನು ಎಳೆಯುವ ದನ ಅಥವಾ ಕೋಣ, ಅದನ್ನು ಹೊಡೆಯುವ ಆಳು, ಇವುಗಳ ಖರ್ಚಿಗಾಗಿ ಬಿಟ್ಟ ದತ್ತಿ ಅದು. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಕೊರೆದವರು ಅಲ್ಲಿಗೆ ನಿಲ್ಲಲಿಲ್ಲ. ಹೂಳೆತ್ತುವ ಬಂಡಿಗೆ ದತ್ತಿ ಕೊಟ್ಟವನ ಹೆಸರನ್ನೂ ಕೊರೆದರು. ಕಟ್ಟುವ ಪುಣ್ಯಕ್ಕೂ ಕಾಯುವ ಪುಣ್ಯಕ್ಕೂ ಅವರು ಒಂದೇ ಕಲ್ಲಿನಲ್ಲಿ ಸ್ಥಾನ ಕೊಟ್ಟಿದ್ದರು. ಇಂದು ಕಾಲುವೆಯ ಉದ್ಘಾಟನೆಗೆ ಅಮೃತಶಿಲೆಯ ಫಲಕವುಂಟು. ಕಾಲುವೆಯ ಹೂಳೆತ್ತಿಸಿದವನ ಹೆಸರಿನ ಫಲಕವನ್ನು ಈ ಎರಡು ನದಿಗಳ ನಡುವೆ ನಾನೆಲ್ಲಿಯೂ ಓದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ಹಂಗಾಮಿನ ಆರಂಭದಲ್ಲಿ ಮುಖ್ಯ ಗೇಜುಗಳ ಬಳಿ ಹರಿವನ್ನು ನಿಜವಾಗಿ ಅಳೆದು, ಅಡಿಯೊಂದಿಗೆ ಕ್ಯೂಸೆಕ್ಕನ್ನೂ ಸಾರ್ವಜನಿಕವಾಗಿ ಬರೆಯಬೇಕು. ಆಗ ಅಡಿಯ ಜಗಳ ನಿಂತು ನೀರಿನ ಮಾತು ಆರಂಭವಾಗುತ್ತದೆ. ಎರಡನೆಯದಾಗಿ, ಬೇಸಿಗೆಯಲ್ಲಿ ಕಾಲುವೆ ಒಣಗಿದ ದಿನಗಳನ್ನು ಹೂಳು ಮತ್ತು ಜೊಂಡು ತೆಗೆಯುವುದಕ್ಕೆ ಮೀಸಲಿಟ್ಟು, ಅದಕ್ಕೆ ತಗಲುವ ಹಣವನ್ನು ಹೊಸ ಕಾಮಗಾರಿಗಳ ಹಣದೊಂದಿಗೆ ಬೆರೆಸದೆ ಬೇರೆಯಾಗಿ ಇಡಬೇಕು. ನೀರು ಬಿಡುವ ಹಿಂದಿನ ವಾರ ಅವಸರದಲ್ಲಿ ಗೀರಿ ಬಿಲ್ಲು ಬರೆಯುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದು ನಿಲ್ಲಬೇಕು. ಮೂರನೆಯದಾಗಿ, ನೀರಾವರಿ ಕಾಯಿದೆಗೆ 2000ದಲ್ಲಿ ತಂದ ತಿದ್ದುಪಡಿಯಿಂದ ಬಲ ಪಡೆದ ನೀರು ಬಳಕೆದಾರರ ಸಹಕಾರ ಸಂಘಗಳು ಹೆಸರಿಗಷ್ಟೇ ಉಳಿಯದೆ, ತಮ್ಮ ಉಪಕಾಲುವೆಯ ಮೈಯನ್ನು ಕಾಯುವ ಹೊಣೆ ಹೊರಬೇಕು. ಅಂಥ ಸಂಘದ ಆಡಳಿತದಲ್ಲಿ ಕೊನೆಯ ಹೊಲದವನಿಗೆ ಮೊದಲ ಕುರ್ಚಿ ಸಿಗಬೇಕು. ಕಾಲುವೆ ಒರಟಾಯಿತೆಂಬುದು ಮೊದಲು ತಿಳಿಯುವುದು ಅವನಿಗೇ.

ಶಾಲೆಗೆ ಇದರಲ್ಲಿ ಪಾತ್ರವಿಲ್ಲವೇ? ಇದೆ. ಒಂಬತ್ತು ಹತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೆರಡು ಸಲ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಅವರ ಊರುಗಳ ಹತ್ತಿರದ ಹೊಲಗಾಲುವೆಗೆ ಕರೆದೊಯ್ಯಬಹುದು. ಅಪಾಯವಿಲ್ಲದ ಮೊಣಕಾಲುದ್ದದ ನೀರು ಸಾಕು, ದೊಡ್ಡ ಕಾಲುವೆಯ ಬಳಿಗೆ ಹೋಗಬೇಕಾಗಿಲ್ಲ. ನೇರವಾದ 30 ಮೀಟರ್ ಉದ್ದವನ್ನು ಅಳೆದು ಎರಡು ಗೂಟ ಹುಗಿದು, ಒಂದು ನಿಂಬೆಹಣ್ಣನ್ನೋ ಬೆಂಡಿನ ತುಂಡನ್ನೋ ನಡುನೀರಿಗೆ ಬಿಟ್ಟು, ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ಎಣಿಸಲಿ. ಮೇಲ್ಮೈಯ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ ಸರಿಸುಮಾರು ದೊರೆಯುತ್ತದೆ. ಅಗಲವನ್ನೂ ಆಳವನ್ನೂ ಅಳೆದು ಗುಣಿಸಿದರೆ ಹರಿವು ತಿಳಿಯುತ್ತದೆ. ಕಳೆ ತೆಗೆಯುವ ಮುನ್ನ ಒಮ್ಮೆ, ತೆಗೆದ ಮೇಲೆ ಒಮ್ಮೆ ಅಳೆದು ಪುಸ್ತಕದಲ್ಲಿ ಬರೆಯಲಿ. ಭೌತಶಾಸ್ತ್ರವೂ ಗಣಿತವೂ ಪೌರನೀತಿಯೂ ಒಂದೇ ಪಾಠದಲ್ಲಿ ಕಲಿತಂತಾಗುತ್ತದೆ. ಆ ಪುಸ್ತಕವನ್ನು ಹಿಡಿದು ಊರಿನ ಸಭೆಯಲ್ಲಿ ಎದ್ದುನಿಂತ ಹದಿನೈದು ವರ್ಷದ ಹುಡುಗಿಯ ಮಾತನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಕೊನೆಯದಾಗಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ತಮ್ಮ ಔದಾರ್ಯದಿಂದ ಎದ್ದು ನಿಂತ ಕೋಣೆಗಳಿಗೂ ಮಂದಿರಗಳಿಗೂ ಈ ನಾಡು ಋಣಿ. ಆದರೆ ಕಟ್ಟಿದ ಕೋಣೆಯ ಮಾಡು ಸೋರದಂತೆ, ಕೊಟ್ಟ ಪುಸ್ತಕಕ್ಕೆ ಗೆದ್ದಲು ಹತ್ತದಂತೆ, ತೋಡಿದ ಕಾಲುವೆಗೆ ಜೊಂಡು ತುಂಬದಂತೆ ನೋಡಿಕೊಳ್ಳುವ ದತ್ತಿಗಳು ನಮ್ಮಲ್ಲಿ ಅತಿ ವಿರಳ. ತಮ್ಮಲ್ಲಿ ಅನೇಕರ ಹೊಲಗಳು ಈ ಕಾಲುವೆಗಳ ಮೇಲಿವೆ, ಕೆಲವರವು ಮೊದಲ ತೂಬಿನಲ್ಲಿ, ಕೆಲವರವು ಕೊನೆಯ ತೂಬಿನಲ್ಲಿ. ಮೊದಲ ತೂಬಿನವರೇ ಈ ಕೆಲಸಕ್ಕೆ ಮುಂದಾಗಲೆಂದು ನನ್ನ ಪ್ರಾರ್ಥನೆ. ಕಾಲುವೆ ಒರಟಾದುದರಿಂದ ನೂರಕ್ಕೆ ನಲವತ್ತು ಹೆಚ್ಚು ಉಂಡವರು ಅವರು. ಬರುವ ಬೇಸಿಗೆಯಲ್ಲಿ ನೀರು ನಿಂತೊಡನೆ, ತಮ್ಮ ತಮ್ಮ ಉಪಕಾಲುವೆಗೆ ಒಂದು ಬಂಡಿಯ ಖರ್ಚನ್ನು ಅವರು ಕೊಡಲಿ. ಇಂದಿನ ಕಾಲಕ್ಕೆ ಟ್ರ್ಯಾಕ್ಟರೇ ಬಂಡಿ. ಹೆಸರಿಗೆ ಕಲ್ಲು ಬೇಕೆನಿಸಿದರೆ ಕೊನೆಯ ಹೊಲದ ಬದುವಿನಲ್ಲಿ ಒಂದನ್ನು ನೆಡಿಸಬಹುದು. ಅದರ ಮೇಲಿನ ಅಕ್ಷರಗಳನ್ನು ಬರೆದುಕೊಡುವ ಕೆಲಸವನ್ನು ಈ ಪಂಡಿತನು ಸಂತೋಷದಿಂದ ವಹಿಸಿಕೊಳ್ಳುತ್ತಾನೆ.